ನಲವತ್ತೊಂದು ಹೆಸರು

ಟೀವಿಯಲ್ಲಾಗಲಿ ರೇಡಿಯೊದಲ್ಲಾಗಲಿ ನಿಷೇಧಿಸಿದ ಮಾತೊಂದು ಬಂದರೆ ಹಿಂದೆಲ್ಲ ಅದರ ಮೇಲೆ 'ಕುಂಯ್' ಎಂದು ಬೀಪ್ ಬೀಳುತ್ತಿತ್ತು. ಜನರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಅನ್ನದಲ್ಲಿ ಹರಳು ಸಿಕ್ಕಂತೆ ಹಾಡಿನ ನಡುವೆ ಅದು ಸಿಗುತ್ತಿತ್ತು. 'ಪೂರಣ' ಬಂದ ಮೇಲೆ ಆ ಕಿರಿಕಿರಿ ತಪ್ಪಿತು. ಪೂರಣವೆಂದರೆ ಒಂದು ಗಣಕ ವ್ಯವಸ್ಥೆ. ಹಾಡುವವರ ದನಿಯನ್ನು ಹತ್ತು ನಿಮಿಷ ಕೇಳಿದರೆ ಸಾಕು, ಅದನ್ನು ಕಲಿತುಬಿಡುತ್ತಿತ್ತು. ತೆಗೆದುಹಾಕಿದ ಪದದ ಜಾಗಕ್ಕೆ ಅಷ್ಟೇ ಮಾತ್ರೆಯ ಇನ್ನೊಂದು ಪದವನ್ನು ಅದೇ ದನಿಯಲ್ಲಿ, ಅದೇ ಉಸಿರಿನಲ್ಲಿ ತುಂಬುತ್ತಿತ್ತು. ಚಿತ್ರವಿದ್ದರೆ ತುಟಿಯನ್ನೂ ಹೊಂದಿಸುತ್ತಿತ್ತು. ಏನೋ ಬದಲಾಗಿದೆ ಎಂದು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಪೂರಣಕ್ಕೆ ಬಾರದಿದ್ದದ್ದು ಒಂದೇ, ಹಳ್ಳಿಯ ಹಾಡು. ಲಾವಣಿಯಲ್ಲಿ, ಗೀಗೀ ಪದದಲ್ಲಿ ಅದು ಎಡವುತ್ತಿತ್ತು. ಸಾವಿನ ಪದದಲ್ಲಿ 'ಟೊಮೆಟೊ' ಎಂದು ತುಂಬಿ ನಗೆಪಾಟಲಾಗಿತ್ತು. ಅದಕ್ಕೇ ಹುಬ್ಬಳ್ಳಿಯ ಪೂರಣ ಕೇಂದ್ರದವರು ಛಂದಸ್ಸು ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಂಡರು. ಕಸ್ತೂರಿ ಮೇಟಿ ಅವರಲ್ಲೊಬ್ಬಳು. ಜಾನಪದದಲ್ಲಿ ಎಂ.ಎ. ಮಾಡಿದ್ದಳು. ಅದಕ್ಕಿಂತ ಹೆಚ್ಚಾಗಿ, ಅವಳು ಗೀಗೀ ಮೇಳದ ಯಮನಪ್ಪ ಮೇಟಿಯ ಮಗಳು. ಅಪ್ಪ ಪದ ಎತ್ತಿಕೊಂಡರೆ ಮುಂದಿನ ಸಾಲಿಗೆ ಯಾವ ಪ್ರಾಸ ಬೀಳುತ್ತದೆಂದು ಏಳನೇ ವಯಸ್ಸಿಗೇ ಹೇಳುತ್ತಿದ್ದಳು.

ಮೇಟಿಯವರ ಊರು ಸಂಗಳಿಹಾಳ. ಇಪ್ಪತ್ತೆರಡು ವರ್ಷಗಳ ಹಿಂದೆ ಫಾಲ್ಗುಣದ ಒಂದು ಬೆಳಗ್ಗೆ ಊರ ಪಕ್ಕದ ಕ್ರಿಮಿನಾಶಕ ಕಾರ್ಖಾನೆಯ ಟ್ಯಾಂಕು ಒಡೆದು ವಿಷಗಾಳಿ ಊರೊಳಗೆ ನುಗ್ಗಿತ್ತು. ಹದಿಮೂರರ ಕಸ್ತೂರಿ ಗದಗಿನ ಸೋದರತ್ತೆಯ ಮನೆಯಲ್ಲಿದ್ದಳು. ಯಮನಪ್ಪ ಮೇಳದೊಂದಿಗೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿದ್ದವಳು ತಾಯಿ ಶಿವಕ್ಕ ಒಬ್ಬಳೇ. ಮಣ್ಣು ಮಾಡಿ ಬಂದ ಯಮನಪ್ಪ ಹತ್ತು ದಿನ ಯಾರೊಂದಿಗೂ ಮಾತಾಡಲಿಲ್ಲ. ಹನ್ನೊಂದನೆಯ ದಿನ ದಪ್ಪು ತೆಗೆದುಕೊಂಡು ಹಾಡಿದ: 'ವಿಷದ ಗಾಳಿ ಬಂತವ್ವ, ಸಂಗಳಿಹಾಳ ಸತ್ತಿತು.' ಆ ಪದದಲ್ಲಿ ಸತ್ತವರೆಲ್ಲರ ಹೆಸರೂ ಇತ್ತು. ಬದುಕಿದವರಿಗೆ ಬೆಟಗೇರಿಯ ಅಂಚಿನಲ್ಲಿ ಒಂದು ಕಾಲನಿ ಕಟ್ಟಿಕೊಟ್ಟರು. ಅಂದಿನಿಂದ ಪ್ರತಿ ಫಾಲ್ಗುಣದಲ್ಲಿ ಕಾಲನಿಯ ಕಟ್ಟೆಯ ಮುಂದೆ ಯಮನಪ್ಪ ಅದನ್ನು ಹಾಡುತ್ತಿದ್ದ. ತಮ್ಮವರ ಹೆಸರು ಬಂದಾಗ ಆಯಾ ಮನೆಯವರು ಎದ್ದುನಿಂತು ಕೈಮುಗಿಯುತ್ತಿದ್ದರು.

ಕಸ್ತೂರಿ ಪೂರಣ ಕೇಂದ್ರ ಸೇರಿದ ಮೇಲೆ ಒಂದು ಆಷಾಢದಲ್ಲಿ ಯಮನಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಪೂರ್ತಿ ನಿಂತಿತು. ನೀರು ಬೇಕೆಂದರೆ 'ಬಾ ಬಾ' ಎನ್ನುತ್ತಿದ್ದ. ತನಗೇ ಸಿಟ್ಟು ಬಂದು ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದ. ಕಸ್ತೂರಿ ಅವನನ್ನು ಧಾರವಾಡದ ಒಂದು ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಮಾತು ಕಲಿಸುವವಳು ನಸೀಮಾ ಮುಲ್ಲಾ ಎಂಬ ವೈದ್ಯೆ.

"ಹೆದರಬ್ಯಾಡ್ರಿ," ಎಂದಳು ನಸೀಮಾ. "ಮಾತಿನ ಮನಿ ಮಿದುಳಿನ ಎಡಕ್ಕ ಇರತೈತಿ, ಅದು ಕುಸದೈತಿ. ಹಾಡಿನ ಮನಿ ಬಲಕ್ಕ ಐತಿ, ಅದಕ್ಕೇನೂ ಆಗಿಲ್ಲ. ಮಾತು ಬರದವರು ಎಷ್ಟೋ ಮಂದಿ ಹಾಡತಾರ. ಹಾಡಿನ ದಾರಿ ಹಿಡಿದ ಮಾತಿಗೆ ಬರೂಣು. ಇವರಿಗೆ ಭಾಳ ಗೊತ್ತಿದ್ದ ಹಾಡು ಯಾವುದೈತಿ?"

ಕಸ್ತೂರಿ ಒಂದು ಕ್ಷಣವೂ ಯೋಚಿಸಲಿಲ್ಲ. "ಸಂಗಳಿಹಾಳದ ಪದ ಹಚ್ಚರಿ. ನೆಟ್ಟಿನಾಗ ಸಿಗತೈತಿ, ಅವರದ ದನಿ ಐತಿ."

ನಸೀಮಾ ವಿಜಯಪುರದ ಕಡೆಯವಳು. ಆ ಪದವನ್ನು ಅವಳು ಎಂದೂ ಕೇಳಿರಲಿಲ್ಲ. ಮೊದಲೆರಡು ತಿಂಗಳು ಬರೀ ತಾಳ, ಆಮೇಲೆ ಪದ ಎಂದು ಬರೆದುಕೊಂಡಳು.

*

ಭಾದ್ರಪದದ ಒಂದು ಭಾನುವಾರ ಅಪ್ಪನ ಬಟ್ಟೆ ಒಯ್ಯಲು ಕಸ್ತೂರಿ ಬೆಟಗೇರಿಗೆ ಬಂದಿದ್ದಳು. ಪಕ್ಕದ ಮನೆಯ ಬಾಳವ್ವನ ಟೀವಿಯಲ್ಲಿ ಜನಪದ ಹಾಡಿನ ಕಾರ್ಯಕ್ರಮದಲ್ಲಿ ಯಮನಪ್ಪನ ಪದ ಬರುತ್ತಿತ್ತು. ಕಾರ್ಖಾನೆಯ ಮೊಕದ್ದಮೆ ಇನ್ನೂ ಕೋರ್ಟಿನಲ್ಲಿದ್ದುದರಿಂದ ಸಂಗಳಿಹಾಳದ ಹೆಸರು, ಸತ್ತವರ ಹೆಸರು, ವಿಷ ಮತ್ತು ಸಾವಿನ ಮಾತು ಪ್ರಸಾರವಾಗಬಾರದೆಂದು ಪ್ರಸಾರ ಮಂಡಳಿ ಹೊಸದಾಗಿ ಹೇಳಿತ್ತು. ಪೂರಣ ಅದಕ್ಕಿನ್ನೂ ಪದ ತುಂಬಿರಲಿಲ್ಲ. ಹಾಡಿನ ತುಂಬ ಬೀಪ್.

ಬಾಳವ್ವ ಎಪ್ಪತ್ತರ ಮುದುಕಿ. ವಿಷಗಾಳಿಗೆ ಒಬ್ಬನೇ ಮಗ ನಾಗಪ್ಪನನ್ನು ಕಳೆದುಕೊಂಡವಳು. ಮಗನ ಹೆಸರು ಬರುವ ಸಾಲು ಹತ್ತಿರ ಬಂದಂತೆ ಅಭ್ಯಾಸದಂತೆ ಎದ್ದುನಿಂತು ಕೈಮುಗಿದಳು. 'ಕುಂಯ್' ಎಂದಿತು ಟೀವಿ.

"ಏನಿದು?" ಎಂದು ಕಸ್ತೂರಿಯ ಕಡೆ ತಿರುಗಿದಳು. "ನಾಯಿ ಕುಂಯ್‌ಗುಟ್ಟಿದಂಗ! ನನ್ನ ಮಗಗ ನಾ ಇಟ್ಟ ಹೆಸರೇನು, ಇವರು ಕೂಗೂದೇನು? ನೀ ಅಲ್ಲೇ ಕೆಲಸ ಮಾಡತೀಯಲ್ಲ, ಆ ಕೂಗು ತಗಸವಾ. ಕೇಳಾಕ ಆಗವಲ್ದು."

ಅದಾಗಿ ನಾಲ್ಕು ದಿನಕ್ಕೆ ಆ ಪದ ಕಸ್ತೂರಿಯ ಮೇಜಿಗೇ ಬಂತು.

ಕೇಂದ್ರದಲ್ಲಿ ಕಿಟಕಿಗಳಿರಲಿಲ್ಲ. ಉದ್ದನೆಯ ಕೋಣೆಯಲ್ಲಿ ಹದಿನಾರು ಜನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದರು. ಪರದೆಯ ಎಡಗಡೆ ತೆಗೆಯಬೇಕಾದ ಪದ, ನಡುವೆ ಅದರ ಮಾತ್ರೆ, ಬಲಗಡೆ ಖಾಲಿ ಜಾಗ. ಸಂಗಳಿಹಾಳ, ಏಳು ಮಾತ್ರೆ. ವಿಷದ, ಮೂರು. ಸತ್ತಿತು, ನಾಲ್ಕು. ಕೆಳಗೆ ನಲವತ್ತೊಂದು ಹೆಸರು. ಒಂಬತ್ತನೆಯದು ಶಿವಕ್ಕ, ನಾಲ್ಕು ಮಾತ್ರೆ.

ಕಸ್ತೂರಿ ಎದ್ದು ಮೇಲ್ವಿಚಾರಕ ಪ್ರಾಣೇಶ ದೇಸಾಯಿಯ ಬಳಿ ಹೋದಳು. "ಸರ್, ಇದು ನಮ್ಮ ಅಪ್ಪನ ಪದ. ಬ್ಯಾರೆಯವರಿಗೆ ಕೊಡ್ರಿ."

ದೇಸಾಯಿ ಒರಟನಲ್ಲ. ಕನ್ನಡಕ ತೆಗೆದು ಅವಳನ್ನೇ ನೋಡಿದ. "ಬ್ಯಾರೆಯವರಿಗೆ ಕೊಟ್ಟರ ಅವರು ಏನು ತುಂಬತಾರ, ನಿಮಗ ಗೊತ್ತದ. ಬಿಟ್ಟರ ಯಂತ್ರ ತುಂಬತದ. ಅದನ್ನ ನೀವು ಕೇಳಲಿಕ್ಕೆ ತಯಾರಿದ್ದೀರೇನು? ನಿಮ್ಮ ತಂದಿಯವರ ಪದ, ನಿಮ್ಮ ಕೈಯಿಂದ ಆದರ ಮರ್ಯಾದಿಯಿಂದ ಆಗತದ. ಅದೂ ಟೀವಿ, ರೇಡಿಯೊಕ್ಕ ಅಷ್ಟ."

ಅವಳು ಬಾಳವ್ವ ಕೈಮುಗಿದು ನಿಂತಿದ್ದನ್ನು ನೆನೆದಳು. ಮರಳಿ ಬಂದು ಕುಳಿತಳು. ಕೊಳಕು ಪದಕ್ಕಿಂತ ಚೆಂದದ ಪದ ಇರಲಿ ಎಂದುಕೊಂಡಳು. ಸಂಗಳಿಹಾಳಕ್ಕೆ ನಂದನದೂರ. ವಿಷದ ಎಂಬುದಕ್ಕೆ ತಂಪು. ಸತ್ತಿತು ಎಂಬುದಕ್ಕೆ ನಕ್ಕಿತು. ಹೆಸರುಗಳಿಗೆಲ್ಲ ಹೂವು. ನಾಗಪ್ಪನಿಗೆ ಸೇವಂತಿ. ಶಿವಕ್ಕನ ಹೆಸರು ಬಂತು. ಅವ್ವ ಮುಡಿಯುತ್ತಿದ್ದದ್ದು ಮಲ್ಲಿಗೆ. ಮಲ್ಲಿಗೆಯೂ ನಾಲ್ಕೇ ಮಾತ್ರೆ.

ಗುಂಡಿ ಒತ್ತಿದಳು. ಹೆಡ್‌ಫೋನಿನಲ್ಲಿ ಅಪ್ಪನ ಇಪ್ಪತ್ತು ವರ್ಷ ಹಿಂದಿನ ಗಟ್ಟಿ ದನಿ ಹಾಡಿತು: 'ತಂಪು ಗಾಳಿ ಬಂತವ್ವ, ನಂದನದೂರ ನಕ್ಕಿತು.' ಒಂದೂ ಹೊಲಿಗೆ ಕಾಣಿಸಲಿಲ್ಲ. ಮೇಳದವರ 'ಗೀಯ ಗೀ' ಎಂಬ ಹಿಮ್ಮೇಳ ಮೊದಲಿನಂತೆಯೇ ಇತ್ತು.

ಮರುವಾರ ಬಾಳವ್ವ ಫೋನು ಮಾಡಿದಳು. "ಕಸ್ತೂರಿ, ನಮ್ಮ ಪದದ ಧಾಟಿಯಾಗ ಯಾರೋ ಹೂವಿನ ಹಾಡ ಹಾಡ್ಯಾರ, ಟೀವಿಯಾಗ ಬಂತು. ದನಿ ನಿಮ್ಮಪ್ಪನಂಗ ಐತಿ. ಭಾಳ ಛಲೋ ಐತಿ ಬಿಡು. ಆ ದರಿದ್ರ ಕೂಗಿಲ್ಲ."

"ಹೌದು ಆಯಿ," ಎಂದಳು ಕಸ್ತೂರಿ. ಅಂದು ಅವಳಿಗೆ ಹಗುರೇ ಅನ್ನಿಸಿತು.

*

ಆಮೇಲೆ ಮೂರು ವಾರ ಚುನಾವಣೆಯ ಕೆಲಸ. ಭಾನುವಾರವೂ ರಜೆಯಿರಲಿಲ್ಲ. ಧಾರವಾಡಕ್ಕೆ ಹೋಗಲಾಗಲಿಲ್ಲ. ನಾಲ್ಕನೆಯ ವಾರ ನಸೀಮಾಳೇ ಕರೆದಳು. ದನಿಯಲ್ಲಿ ಸಂಭ್ರಮ. "ಬರ್ರಿ, ನಿಮಗೊಂದು ತೋರಸೂದೈತಿ."

ಆಸ್ಪತ್ರೆಯ ಪಡಸಾಲೆಯಲ್ಲಿ ಯಮನಪ್ಪ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದ. ನಸೀಮಾ ಅವನ ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದಳು, ಒಂದು ಅಕ್ಷರಕ್ಕೆ ಒಂದು ಪೆಟ್ಟು. ಯಮನಪ್ಪ ಬಾಯಿ ತೆರೆದ. ನಾಲ್ಕು ತಿಂಗಳಿಂದ 'ಬಾ ಬಾ' ಬಿಟ್ಟು ಬೇರೇನೂ ಅನ್ನದ ಬಾಯಿ. ದನಿ ಒಡೆದಿತ್ತು, ಆದರೆ ಪದ ಸ್ಪಷ್ಟವಾಗಿತ್ತು.

"ತಂಪು ಗಾಳಿ ಬಂತವ್ವ..."

ಕಸ್ತೂರಿಯ ಕಣ್ಣಲ್ಲಿ ಬಂದ ನೀರು ಅಲ್ಲೇ ನಿಂತಿತು.

ಅವನು ನಿಲ್ಲಲಿಲ್ಲ. ಸಾಲಿನ ಮೇಲೆ ಸಾಲು, ಹೂವಿನ ಮೇಲೆ ಹೂವು. ಎಂಟು ಹೂವಾದ ಮೇಲೆ ಮಗಳ ಮುಖ ನೋಡುತ್ತ "ಮಲ್ಲಿಗೆ" ಎಂದು ಹಾಡಿದ. ಮೊದಲೆಲ್ಲ ಆ ಜಾಗದಲ್ಲಿ ಹೆಂಡತಿಯ ಹೆಸರು ಹಾಡುವಾಗ ಅವನ ದನಿ ನಡುಗುತ್ತಿತ್ತು. ಈಗಲೂ ನಡುಗಿತು, ಅಲ್ಲೇ, ಅಷ್ಟೇ.

"ದಿನಾ ಮೂರು ತಾಸು," ಎಂದಳು ನಸೀಮಾ. "ತಾವ ಹಾಡಿದ್ದನ್ನ ಕೇಳಕೋತ, ಅದರ ಜೋಡಿ ಹಾಡಕೋತ. ಮಿದುಳಿನಾಗ ಹೊಸ ದಾರಿ ಬಿದ್ದೈತಿ. ನೋಡ್ರಿ, ಮಾತಿಗೂ ಬರಾಕತ್ತೈತಿ." ಗೋಡೆಯ ಮೇಲಿನ ಫೋಟೊ ತೋರಿಸಿದಳು. ಕಸ್ತೂರಿಯೇ ತಂದಿಟ್ಟ ಶಿವಕ್ಕನ ಫೋಟೊ. "ಯಮನಪ್ಪಾರ, ಇವರು ಯಾರು?"

ಯಮನಪ್ಪ ಎಡಗೈಯಿಂದ ಮೂರು ಸಲ ತೊಡೆ ತಟ್ಟಿದ. "ಮಲ್ಲಿಗೆ," ಎಂದ. ಗೆದ್ದವನಂತೆ ನಕ್ಕ.

ಕಸ್ತೂರಿ ನಸೀಮಾಳನ್ನು ಹೊರಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ನಸೀಮಾ ಕೇಳಿ ಮುಗಿಸಿ ಗೋಡೆಗೆ ಒರಗಿದಳು. "ನಾ ಆ ಹಾಡು ಕೇಳಿರಲಿಲ್ಲರಿ," ಎಂದಳು. "ಅವರ ದನಿ ಇತ್ತು. ಅವರ ದನಿಗೇ ಹ್ಯಾಂಗ ಅನುಮಾನ ಪಡಬೇಕು?"

*

"ಟೀವಿ, ರೇಡಿಯೊ ಅಷ್ಟ ಅಂದಿದ್ರಿ," ಎಂದಳು ಕಸ್ತೂರಿ, ಮರುದಿನ ದೇಸಾಯಿಯ ಮೇಜಿನ ಮುಂದೆ.

"ಅಷ್ಟ ಇತ್ತು. ಆಮ್ಯಾಲೆ ನೆಟ್ಟಿನ ಭಂಡಾರಕ್ಕೂ ಹಚ್ಚಿದ್ರು. ಪೂರಣ ಈಗ ಎಲ್ಲಾ ಫೋನಿನಾಗೂ ಅದ. ನಮ್ಮನ್ನೇನು ಕೇಳಿ ಮಾಡತಾರೇನು?"

"ಮೂಲ ಪ್ರತಿ ಕೊಡ್ರಿ. ಒಂದ ಸಲ. ಆಸ್ಪತ್ರಿಗೆ ಅಷ್ಟ."

ದೇಸಾಯಿ ತಲೆಯಾಡಿಸಿದ. "ಮೂವತ್ತು ದಿನ ಆದ ಮ್ಯಾಲೆ ಮೂಲ ಅಳಸತಾರ. ನಿಮ್ಮ ಪಟ್ಟಿನೂ ಅಳಸ್ಯಾರ. ಎರಡು ಪ್ರತಿ ಇಟ್ಟರ ಯಾವುದರೆ ಒಂದು ಸುಳ್ಳು ಅಂತ ಆಗತದ, ಅದಕ್ಕ ಒಂದ ಇಡೋದು." ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದ. "ಇಲ್ಲೆ ನೋಡ್ರಿ. ಬೀಪ್ ಇದ್ದಾಗ ನೂರಕ್ಕ ಅರವತ್ತು ಮಂದಿ ಆ ಹಾಡು ಅರ್ಧಕ್ಕ ಬಿಟ್ಟು ಎದ್ದು ಹೋಗತಿದ್ರು. ಈಗ ನಾಕು ಮಂದಿ. ಮದುವಿಯೊಳಗ ಹಾಡತಾರ. ನಿಮ್ಮ ತಂದಿ ಹಾಡು ಇಷ್ಟು ಮಂದಿ ಎಂದಾದ್ರೂ ಕೇಳಿದ್ರೇನು?"

"ಬೀಪ್ ಇದ್ದಾಗ ಏನೋ ಕಸಗೊಂಡಾರ ಅನ್ನೂದಾದ್ರೂ ತಿಳೀತಿತ್ತು ಸರ್. ಬೈಯಾಕಾದ್ರೂ ಬರತಿತ್ತು," ಎಂದಳು ಕಸ್ತೂರಿ.

ದೇಸಾಯಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಅವಳು ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಅಪ್ಪನನ್ನು ಬೆಟಗೇರಿಗೆ ಕರೆತಂದಳು. ಬಾಳವ್ವನ ಕಟ್ಟೆಯ ಮೇಲೆ ಕುಳಿತು, ಸೇವಂತಿ ಯಾರು, ಅದನ್ನು ಇಟ್ಟವರು ಯಾರು ಎಂದು ಹೇಳಿದಳು. ಮುದುಕಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಬೈಯಲಿಲ್ಲ.

"ನಾನೂ ಆ ಹಾಡ ಛಲೋ ಐತಿ ಅಂದ್ನೆಲ್ಲ," ಎಂದಳು. "ನನ್ನ ಮಗನ್ನ ಅಳಿಸಿದ ಹಾಡ. ನನ್ನ ಬಾಯಲೆ ಛಲೋ ಅನಿಸಿದಿ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹದಿನೈದು ದಿನ ಕಸ್ತೂರಿಯ ಮುಖ ನೋಡಲಿಲ್ಲ.

ಆ ಹದಿನೈದು ದಿನ ಕಸ್ತೂರಿ ಅಪ್ಪನಿಗೆ ಹಳೆಯ ಪದ ಹೇಳಿಕೊಡಲು ಹೆಣಗಿದಳು. ಮೊದಲು ತಾನೇ ಹಾಡಿ ಫೋನಿನಲ್ಲಿ ಹಿಡಿದಿಟ್ಟಳು. ಅಪ್ಪ ದಿನವಿಡೀ ಕೇಳಲಿ ಎಂದು. ಹಚ್ಚಿದರೆ ಅವಳದೇ ದನಿ 'ತಂಪು ಗಾಳಿ' ಎಂದಿತು. ಫೋನನ್ನು ಕಪಾಟಿನಲ್ಲಿಟ್ಟು ಬಾಯಲ್ಲೇ ಹಾಡಿದಳು. ಆಗ ಯಮನಪ್ಪ ಎಡಗೈ ಎತ್ತಿ ಅವಳನ್ನು ನಿಲ್ಲಿಸುತ್ತಿದ್ದ. ಮೇಳಕ್ಕೆ ಹೊಸದಾಗಿ ಬಂದವರನ್ನು ತಿದ್ದುವಾಗಿನ ಅದೇ ತಾಳ್ಮೆಯಿಂದ ತೊಡೆ ತಟ್ಟಿ, "ಮಲ್ಲಿಗೆ," ಎಂದು ತಿದ್ದುತ್ತಿದ್ದ. ಅವಳು "ಶಿವಕ್ಕ" ಎಂದರೆ, ಇನ್ನೂ ನಿಧಾನವಾಗಿ, "ಮ-ಲ್ಲಿ-ಗೆ." ಒಂದು ದಿನ ಅವಳು ತಾಳಲಾರದೆ ಕೂಗಿದಳು. "ಅದು ಹೂವಲ್ಲೋ ಅಪ್ಪಾ! ಅದು ಅವ್ವ! ನಿನ್ನ ಹೇಣ್ತಿ!" ಯಮನಪ್ಪ ಗಾಬರಿಯಾಗಿ ಮಗುವಿನಂತೆ ಅತ್ತ.

ಆ ಅಳು ಕೇಳಿ ಬಾಳವ್ವ ಬಂದಳು. ಕಸ್ತೂರಿಯೊಂದಿಗೆ ಮಾತಾಡದೆ ಯಮನಪ್ಪನ ಎದುರು ಕುಳಿತು ಅವನ ಎಡಗೈ ಹಿಡಿದುಕೊಂಡಳು. "ನಾಗಪ್ಪ," ಎಂದಳು. "ನಿನ್ನ ಮೇಳದಾಗ ತುಂತುಣಿ ಹಿಡಿಯಾಕ ಬರತಿದ್ದ. ನೀ ಅವಗ ಬೈದು ಕಲಿಸಿದಿ. ನಾಗಪ್ಪ."

ನಸೀಮಾಳನ್ನು ಕೇಳಿದಾಗ ಅವಳೆಂದಳು, "ಹಳೆ ದಾರಿ ಅಳಿಸಿರೂದಿಲ್ರಿ. ಅದರ ಮ್ಯಾಲೆ ಮುಳ್ಳು ಬೆಳದಿರತೈತಿ. ಗೊತ್ತಿದ್ದ ಮಂದಿ, ಗೊತ್ತಿದ್ದ ಮಾರಿ ಮುಂದ ಕೂತು ಹೇಳಿದ್ರ ತೆರಕೊಂಡೀತು. ಯಂತ್ರದಾಗ ಮಾತ್ರ ಬ್ಯಾಡ."

ಕಾಲನಿಯ ಮನೆಮನೆಯವರು ಬಂದರು. ಕೆಲವರು ಕಸ್ತೂರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದರು, ಆದರೂ ಬಂದರು. ದಿನಕ್ಕೆ ಒಂದು ಮನೆ. ತಮ್ಮವರ ಹೆಸರು ಹೇಳಿ, ಆ ಮನುಷ್ಯ ಹೇಗಿದ್ದ, ಏನು ತಿನ್ನುತ್ತಿದ್ದ, ಯಮನಪ್ಪನೊಂದಿಗೆ ಯಾವಾಗ ಜಗಳವಾಡಿದ್ದ ಎಂದೆಲ್ಲ ಹೇಳುತ್ತಿದ್ದರು. ಕಾಲನಿಯ ಹೊಸ ಸೊಸೆಯಂದಿರಿಗೆ ಇದೆಲ್ಲ ವಿಚಿತ್ರವೆನಿಸಿತು. ಅವರಿಗೆ ಗೊತ್ತಿದ್ದದ್ದು ಹೂವಿನ ಹಾಡೇ. "ಮೊದಲಿಂದು ಅದ ಅಲ್ಲೇನ್ರಿ?" ಎಂದೊಬ್ಬಳು ಕೇಳಿದಳು.

ಪುಷ್ಯ ಮಾಸದ ಒಂದು ಮಧ್ಯಾಹ್ನ ಯಮನಪ್ಪ ಸೇವಂತಿಯ ಹತ್ತಿರ ಬಂದವನು ತಡೆದ. ಬಾಳವ್ವನ ಮುಖ ನೋಡಿದ. "ನಾ... ಗಪ್ಪ," ಎಂದ. ಬಾಳವ್ವ ಕೈಮುಗಿದು ಎದ್ದುನಿಂತಳು. ಮಾಘದಲ್ಲಿ ಶಿವಕ್ಕ ಬಂದಳು. ಅಂದು ಯಮನಪ್ಪ ಫೋಟೊವನ್ನು ಎದೆಗೆ ಹಿಡಿದುಕೊಂಡು ಕುಳಿತ, ಹಾಡಲಿಲ್ಲ.

ಬಂದ ಹೆಸರನ್ನೆಲ್ಲ ಕಸ್ತೂರಿ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಫಾಲ್ಗುಣ ಹತ್ತಿರವಾದಾಗ ಎಣಿಸಿ ನೋಡಿದಳು. ಮೂವತ್ತೆಂಟು. ಮತ್ತೆ ಎಣಿಸಿದಳು. ಮೂವತ್ತೆಂಟೇ.

"ಇನ್ನ ಮೂರು ಯಾರು ಆಯಿ?"

ಬಾಳವ್ವ ಬೆರಳು ಮಡಚಿ ಮಡಚಿ ಬಿಟ್ಟಳು. "ಇಟ್ಟಂಗಿ ಭಟ್ಟಿಯವರು," ಎಂದಳು ಕೊನೆಗೆ. "ಗಂಡ, ಹೇಣ್ತಿ, ಒಂದು ಹೆಣ್ಣು ಕೂಸು. ಎಲ್ಲಿಂದಲೋ ದುಡಿಯಾಕ ಬಂದಿದ್ರು. ಬಂದು ಎಂಟ ದಿನ ಆಗಿತ್ತು. ಅವರ ಹೆಸರು ನಿಮ್ಮಪ್ಪಗ ಒಬ್ಬಗ ಗೊತ್ತಿತ್ತು. ಮಣ್ಣ ಮಾಡೂವಾಗ ಅದೆಲ್ಲೋ ಕೇಳಿ ತಿಳಕೊಂಡ ಬಂದು ಪದದಾಗ ಹಾಕಿದ. ನಾವು ವರ್ಷಾ ಕೇಳಿದಿವಿ, ನಮ್ಮ ನಮ್ಮವರ ಹೆಸರಷ್ಟ ಹಿಡಕೊಂಡಿವಿ."

ಸರಕಾರದ ಪಟ್ಟಿಯಲ್ಲಿ ಮೊದಲಿನಿಂದಲೂ ಮೂವತ್ತೆಂಟೇ ಇತ್ತು. ಅವರಿಗೆ ಊರಿನಲ್ಲಿ ಮನೆಯಿರಲಿಲ್ಲ, ರೇಶನ್ ಕಾರ್ಡಿರಲಿಲ್ಲ. ಭಟ್ಟಿಯ ಮಾಲೀಕನನ್ನು ಹುಡುಕಿಕೊಂಡು ಕಸ್ತೂರಿ ಹೋದಳು. ಮುದುಕನಾಗಿದ್ದ ಅವನು, "ಭಟ್ಟಿಗೆ ಬರೂ ಮಂದಿ ಹೆಸರು ಯಾರು ಕೇಳತಾರವಾ, ಕೈ ಎಷ್ಟು ಅಂತ ಕೇಳತಾರ," ಎಂದ. ಯಮನಪ್ಪನ ಮೇಳದ ಹಿಮ್ಮೇಳದವರು ಇಬ್ಬರು ಉಳಿದಿದ್ದರು. ಅವರು ಹಾಡುತ್ತಿದ್ದದ್ದು ಬರೀ 'ಗೀಯ ಗೀ.'

ಕಸ್ತೂರಿ ಕಣ್ಣುಮುಚ್ಚಿ ಕೇಂದ್ರದ ಆ ಪರದೆಯನ್ನು ನೆನಪಿಗೆ ತಂದುಕೊಳ್ಳಲು ಎಷ್ಟೋ ಸಲ ನೋಡಿದಳು. ಆ ಮೂರೂ ಹೆಸರು ಅವಳ ಕಣ್ಣೆದುರು ಇದ್ದವು. ವರ್ಷಕ್ಕೊಮ್ಮೆ ಅಪ್ಪನ ಬಾಯಲ್ಲಿ ಕೇಳಿದ್ದಳು ಕೂಡ. ಆದರೆ ಆ ಹೊತ್ತಿಗೆ ಪಟ್ಟಿ ಮುಗಿಯುತ್ತ ಬಂದಿತ್ತು. ಅವಳು ಮಾತ್ರೆಯನ್ನಷ್ಟೇ ನೋಡಿದ್ದಳು. ಐದು, ನಾಲ್ಕು, ಏಳು. ಅದು ನೆನಪಿತ್ತು.

ಅಪ್ಪನ ಮುಂದೆ ಕುಳಿತು ಐದು ಮಾತ್ರೆಯ ಹೆಸರುಗಳನ್ನು ಒಂದೊಂದಾಗಿ ಹೇಳಿ ನೋಡಿದಳು. ಮಲ್ಲಣ್ಣ, ಸೋಮಣ್ಣ, ಬೀರಪ್ಪ. ಯಮನಪ್ಪ ಪ್ರತಿಯೊಂದಕ್ಕೂ ಕಿವಿಗೊಟ್ಟು ಕೇಳುತ್ತಿದ್ದ. ತಾನೂ ಏನನ್ನೋ ಹುಡುಕುತ್ತಿರುವಂತೆ ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ತಲೆಯಾಡಿಸುತ್ತಿದ್ದ.

ಫಾಲ್ಗುಣದ ಆ ಬೆಳಗ್ಗೆ ಕಾಲನಿಯವರೆಲ್ಲ ಕಟ್ಟೆಯ ಮುಂದೆ ಸೇರಿದರು. ನಸೀಮಾ ಧಾರವಾಡದಿಂದ ಬಂದಿದ್ದಳು. ಯಮನಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಎಡಗೈಗೆ ಸಿಗುವಂತೆ ದಪ್ಪನ್ನು ತೊಡೆಯ ಮೇಲಿಟ್ಟರು. ಹಿಮ್ಮೇಳದ ಇಬ್ಬರು ಮುದುಕರ ನಡುವೆ ಕಸ್ತೂರಿ ನಿಂತಳು.

"ವಿಷದ ಗಾಳಿ ಬಂತವ್ವ," ಎಂದು ಯಮನಪ್ಪ ಎತ್ತಿಕೊಂಡ. "ಸಂಗಳಿಹಾಳ ಸತ್ತಿತು."

ಹೆಸರುಗಳು ಬಂದವು. ಒಂದೆರಡು ಕಡೆ ತಡವರಿಸಿದ. ಆಗ ಜನರ ನಡುವಿನಿಂದ ಯಾರೋ ಮೊದಲ ಅಕ್ಷರ ಎತ್ತಿಕೊಟ್ಟರು. ಶಿವಕ್ಕನ ಹೆಸರಿಗೆ ಕಸ್ತೂರಿ ಕೈಮುಗಿದಳು. ನಾಗಪ್ಪನಿಗೆ ಬಾಳವ್ವ. ಮನೆಯವರು ಒಬ್ಬೊಬ್ಬರಾಗಿ ಏಳುತ್ತ ಹೋದರು. ಮೂವತ್ತೆಂಟು ಮುಗಿಯುವಾಗ ಎಲ್ಲರೂ ಎದ್ದುನಿಂತಿದ್ದರು.

ಯಮನಪ್ಪ ಅಲ್ಲಿ ನಿಲ್ಲಲಿಲ್ಲ. ದಪ್ಪಿಗೆ ಪೆಟ್ಟು ಕೊಟ್ಟು, ಅದೇ ಭಕ್ತಿಯಿಂದ, ಅದೇ ನಡುಗುವ ದನಿಯಿಂದ ಮುಂದುವರಿಸಿದ.

"ಮಂದಾರ... ಕೇದಿಗೆ... ನಂದಿಬಟ್ಟಲು..."

ಯಾರೂ ಮೊದಲ ಅಕ್ಷರ ಎತ್ತಿಕೊಡಲಿಲ್ಲ. ಕೊಡಲು ಯಾರ ಬಳಿಯೂ ಇರಲಿಲ್ಲ. ಜನ ತಲೆ ತಗ್ಗಿಸಿದರು. ಹಾಡಿದವನು ಸಾಲು ಮುಗಿಸಿ, ಹಿಮ್ಮೇಳಕ್ಕಾಗಿ ಮಗಳ ಕಡೆ ನೋಡಿದ. ಕಸ್ತೂರಿ ಆ ಮೂರು ಹೂವುಗಳನ್ನು ಎತ್ತಿಕೊಂಡು ಹಾಡಿದಳು.